ಮೇನ್‌ಫ್ರೇಮ್‌ಗೆ ಲಿನಕ್ಸ್ ಹಾಕುವವರೇ, ‘ಫಾರ್ಮ್ಯಾಟ್ ಆಗಿಲ್ಲ’ ಎಂದು ಕಂಡ ಡಿಸ್ಕ್ ಖಾಲಿ ಇರಬೇಕೆಂದೇನಿಲ್ಲ
ಐಬಿಎಂ ಮೇನ್‌ಫ್ರೇಮ್‌ನ ಆಪರೇಟಿಂಗ್ ಸಿಸ್ಟಂ ಆದ ಜೆಡ್/ಓಎಸ್ ಓಡುತ್ತಿರುವ ಮೆಷಿನ್ನಿನಲ್ಲೇ ಹೊಸ ಎಲ್‌ಪಾರ್ (ಒಂದೇ ಮೆಷಿನ್ನಿನೊಳಗೆ ಪ್ರತ್ಯೇಕ ಸಿಸ್ಟಂ ಓಡಿಸಲು ಮಾಡುವ ವಿಭಾಗ) ತೆರೆದು ಲಿನಕ್ಸ್ ಹಾಕಲು ಹೊರಟಿದ್ದೀರಾ? ದಯವಿಟ್ಟು ಮೊದಲು ಇದನ್ನು ಓದಿ. ನಾನು ಕೆಲಸ ಮಾಡುವಲ್ಲಿ ಹೀಗೆ ಮಾಡಲು ಹೋಗಿ ಜೆಡ್/ಓಎಸ್‌ನ ಒಂದು ಪ್ರೊಡಕ್ಷನ್ ವಾಲ್ಯೂಮ್ (ದಿನನಿತ್ಯದ ಕೆಲಸದ ಡೇಟಾ ಇರುವ ಡಿಸ್ಕ್) ಪೂರ್ತಿ ಅಳಿಸಿಹೋಯಿತು.

ಇನ್‌ಸ್ಟಾಲ್ ಮಾಡಿದ್ದು ಹೊರಗಿನ ಗುತ್ತಿಗೆ ತಂಡ. ಎಕ್ಸ್86 ಸರ್ವರ್‌ಗಳಲ್ಲಿ ಪಳಗಿದವರು, ಇನ್‌ಸ್ಟಾಲ್ ತಾನಾಗಿ ನಡೆಯಲು ಉತ್ತರಗಳನ್ನು ಬರೆದಿಡುವ ಕಿಕ್‌ಸ್ಟಾರ್ಟ್ ಫೈಲನ್ನೂ ಅಲ್ಲಿಂದಲೇ ತಂದಿದ್ದರು. ಅದರಲ್ಲಿ ‘ಝೀರೋಎಂಬಿಆರ್’ ಎಂಬ ಸಾಲಿತ್ತು. ಎಕ್ಸ್86ನಲ್ಲಿ ಅದು ಕೆಟ್ಟ ಪಾರ್ಟಿಷನ್ ಟೇಬಲ್‌ಗಳನ್ನು ಒರೆಸುತ್ತದೆ. ಮೇನ್‌ಫ್ರೇಮ್‌ನಲ್ಲಿ ಅದಕ್ಕೆ ಇನ್ನೊಂದು ಕೆಲಸವೂ ಇದೆ: ಇನ್‌ಸ್ಟಾಲರ್‌ಗೆ ಕಾಣುವ ಡ್ಯಾಸ್ಡ್‌ಗಳಲ್ಲಿ (ಮೇನ್‌ಫ್ರೇಮ್ ಡಿಸ್ಕ್‌ಗಳಲ್ಲಿ) ಲೋ-ಲೆವೆಲ್ ಫಾರ್ಮ್ಯಾಟ್ (ಡಿಸ್ಕನ್ನು ಬುಡದಿಂದ ಬ್ಲಾಕ್‌ಗಳಾಗಿ ವಿಂಗಡಿಸುವುದು) ಆಗದವು ಎಷ್ಟಿವೆಯೋ ಅಷ್ಟನ್ನೂ ಯಾರನ್ನೂ ಕೇಳದೆ ಫಾರ್ಮ್ಯಾಟ್ ಮಾಡಿಬಿಡುತ್ತದೆ.

ಜೆಡ್/ಓಎಸ್ ಬಳಸುವ ಇಸಿಕೆಡಿ ಎಂಬ ಮಾದರಿಯ ವಾಲ್ಯೂಮ್‌ನಲ್ಲಿ ರೆಕಾರ್ಡ್‌ಗಳ ಅಳತೆ ಒಂದೇ ಸಮ ಇರುವುದಿಲ್ಲ. ಲಿನಕ್ಸ್‌ಗೆ ಬೇಕಾದದ್ದು ಸಮಾನ ಅಳತೆಯ ಬ್ಲಾಕ್‌ಗಳು, ಸಾಮಾನ್ಯವಾಗಿ 4096 ಬೈಟ್‌ನವು. ಅದು ಕಾಣದಿದ್ದರೆ ಲಿನಕ್ಸ್ ಡ್ರೈವರ್ ಆ ಡಿಸ್ಕನ್ನು ಫಾರ್ಮ್ಯಾಟ್ ಆಗದ್ದು ಎಂದು ಗುರುತು ಹಾಕುತ್ತದೆ. ಡೇಟಾ ತುಂಬಿದ ವಾಲ್ಯೂಮ್‌ಗೂ, ಸ್ಟೋರೇಜ್‌ನಿಂದ ಆಗಷ್ಟೇ ಬಂದ ಖಾಲಿ ವಾಲ್ಯೂಮ್‌ಗೂ ಒಂದೇ ಗುರುತು!

ಇಷ್ಟಾದರೂ ಅನಾಹುತ ತಪ್ಪಬಹುದಿತ್ತು. ಆದರೆ ಇನ್‌ಸ್ಟಾಲರ್‌ಗೆ ಯಾವ ಡಿಸ್ಕ್‌ಗಳು ಕಾಣಬೇಕೆಂದು ಹೇಳುವ ಪ್ಯಾರಾಮೀಟರ್ ಫೈಲಿನಲ್ಲಿ ಬೇಕಾದ ಡಿಸ್ಕ್‌ಗಳ ನಂಬರ್ ಬಿಡಿಬಿಡಿಯಾಗಿ ಬರೆಯುವ ಬದಲು ಇಡೀ ರೇಂಜ್ ಕೊಟ್ಟಿದ್ದರು, ನಮ್ಮ ವಾಲ್ಯೂಮ್ ಅದರೊಳಗೆ ಬಿತ್ತು. ಜೆಡ್/ಓಎಸ್ ತಕ್ಷಣ ಏನೂ ಹೇಳಲಿಲ್ಲ. ಆ ವಾಲ್ಯೂಮ್ ಓದಲು ಹೋದ ಮೊದಲ ಬ್ಯಾಚ್ ಜಾಬ್ ಐ/ಒ ಎರರ್ ಕೊಟ್ಟು ಬಿದ್ದಾಗಲೇ ನಮಗೆ ಗೊತ್ತಾದದ್ದು. ಟೇಪ್ ಬ್ಯಾಕಪ್‌ನಿಂದ ವಾಲ್ಯೂಮ್ ಮರಳಿ ತಂದೆವು. ಬ್ಯಾಕಪ್ ಆದಮೇಲೆ ಬರೆದದ್ದರಲ್ಲಿ ಜಾಬ್‌ಗಳನ್ನು ಮತ್ತೆ ಓಡಿಸಿ ಪಡೆಯಲಾಗದ ಭಾಗ ಹೋದದ್ದು ಹೋಯಿತು. ಆ ಡೇಟಾ ನಂಬಿಕೊಂಡಿದ್ದವರಿಗೆ ಉತ್ತರ ಕೊಡುವಾಗ ಆದ ಸಂಕಟ ಇನ್ನೂ ಮರೆತಿಲ್ಲ.

ನಿಜವಾದ ರಕ್ಷಣೆ ಇರುವುದು ಲಿನಕ್ಸ್‌ನ ಹೊರಗೆ. ಮೆಷಿನ್ನಿನ ಡಿವೈಸ್‌ಗಳ ವಿವರ ಇರುವ ಐಒಡಿಎಫ್ ಫೈಲಿನಲ್ಲಿ ಪ್ರತಿ ಡಿಸ್ಕನ್ನು ಯಾವ ಎಲ್‌ಪಾರ್‌ಗಳು ಬಳಸಬಹುದು ಎಂಬ ಕ್ಯಾಂಡಿಡೇಟ್ ಲಿಸ್ಟ್ ಕೊಡಬಹುದು; ಜೆಡ್/ಓಎಸ್ ಡಿಸ್ಕ್‌ಗಳ ಲಿಸ್ಟ್‌ನಲ್ಲಿ ಲಿನಕ್ಸ್ ಎಲ್‌ಪಾರ್ ಇರಲೇಬಾರದು. ಕಣ್ಣಿಗೇ ಬೀಳದ ಡಿಸ್ಕನ್ನು ಯಾವ ಇನ್‌ಸ್ಟಾಲರೂ ಮುಟ್ಟಲಾರದು. ವರ್ಚುವಲ್ ಮೆಷಿನ್ ಓಡಿಸುವ ಜೆಡ್/ವಿಎಂ ಇದ್ದರೆ ಮೊದಲ ಇನ್‌ಸ್ಟಾಲ್ ಅಲ್ಲೇ ಮಾಡಿ, ಗೆಸ್ಟ್‌ಗೆ (ಅಂದರೆ ಆ ವರ್ಚುವಲ್ ಮೆಷಿನ್ನಿಗೆ) ಜೆಡ್/ವಿಎಂ ಡೈರೆಕ್ಟರಿಯಲ್ಲಿ ಕೊಟ್ಟ ಡಿಸ್ಕ್ ಬಿಟ್ಟು ಬೇರೆ ಕಾಣುವುದಿಲ್ಲ. ಡಿವೈಸ್‌ಗಳನ್ನು ಲಿನಕ್ಸ್‌ನಿಂದ ಮರೆಮಾಡುವ ‘ಸಿಐಒ ಇಗ್ನೋರ್’ ಎಂಬ ಸೆಟ್ಟಿಂಗ್‌ನಲ್ಲಿ ಎಲ್ಲ ಡಿವೈಸ್‌ಗಳನ್ನೂ ಮುಚ್ಚಿ, ಬೇಕಾದವನ್ನು ಮಾತ್ರ ಒಂದೊಂದಾಗಿ ತೆರೆಯಿರಿ. ರೇಂಜ್ ಬೇಡವೇ ಬೇಡ.

ಕೈಯಾರೆ ಫಾರ್ಮ್ಯಾಟ್ ಮಾಡುವವರು ಮೊದಲು ಡಿಸ್ಕಿನ ನಂಬರನ್ನು ಸ್ಟೋರೇಜ್ ತಂಡದ ಪಟ್ಟಿಯ ಜೊತೆ ತಾಳೆ ನೋಡಿ. ಆ ಡಿಸ್ಕ್ ಬೇರೆ ಸಿಸ್ಟಂನಲ್ಲಿ ಆನ್‌ಲೈನ್ ಇದೆಯೇ ಎಂದು ಪರೀಕ್ಷಿಸುವ ಆಯ್ಕೆ ಫಾರ್ಮ್ಯಾಟ್ ಮಾಡುವ ಕಮಾಂಡ್ ಆದ ‘ಡ್ಯಾಸ್ಡ್‌ಎಫ್‌ಎಂಟಿ’ಯ ಈಚಿನ ಆವೃತ್ತಿಗಳಲ್ಲಿದೆ. ಸ್ಟೋರೇಜ್‌ಗೂ ಅದರ ಬೆಂಬಲ ಇರಬೇಕು, ಆಯ್ಕೆಯನ್ನೂ ನಾವೇ ಕೊಡಬೇಕು, ತಾನಾಗಿ ನಡೆಯುವುದಿಲ್ಲ.

ಈಗಾಗಲೇ ಲಿನಕ್ಸ್ ಓಡುತ್ತಿರುವ ಎಲ್‌ಪಾರ್‌ಗಳು ಯಾವ ಯಾವ ಡಿಸ್ಕ್‌ಗಳ ಕ್ಯಾಂಡಿಡೇಟ್ ಲಿಸ್ಟ್‌ನಲ್ಲಿವೆ ಎಂದೂ ಒಮ್ಮೆ ತೆಗೆದು ನೋಡಿ. ಲಿನಕ್ಸ್‌ಗೆ ಸೇರದ ಡಿಸ್ಕ್ ಒಂದೇ ಒಂದು ಕಂಡರೂ ಐಒಡಿಎಫ್ ನೋಡಿಕೊಳ್ಳುವವರಿಗೆ ಅವತ್ತೇ ಹೇಳಿ ತೆಗೆಸಿ.