ಮುಂಬಯಿಯ ಸೆಕೆಯಲ್ಲಿ ರೈಝೆನ್ 7 7700ಎಕ್ಸ್: ಓವರ್‌ಕ್ಲಾಕಿಂಗ್ ದೃಷ್ಟಿಯಿಂದ ಒಂದು ವಿಮರ್ಶೆ

ಎಎಂಡಿ ಸಂಸ್ಥೆಯ ರೈಝೆನ್ 7 7700ಎಕ್ಸ್ ಪ್ರೊಸೆಸರ್ ಮಾರುಕಟ್ಟೆಗೆ ಬಂದದ್ದು 2022ರ ಸೆಪ್ಟೆಂಬರ್‌ನಲ್ಲಿ. ಅದರ ಮುಂದಿನ ಪೀಳಿಗೆಯೂ ಬಂದಾಗಿದೆ. ಆದರೂ ಹೊಸ ಡೆಸ್ಕ್‌ಟಾಪ್ ಕಟ್ಟಿಸಲು ಮುಂಬಯಿಯ ಕಂಪ್ಯೂಟರ್ ಪೇಟೆಯಾದ ಲ್ಯಾಮಿಂಗ್ಟನ್ ರೋಡಿಗೆ ಹೊರಟ ಪರಿಚಿತರು ಇದರ ಬಗ್ಗೆ ಕೇಳುವುದು ನಿಂತಿಲ್ಲ, ಕೇಳಿದವರ ಎರಡನೆಯ ಪ್ರಶ್ನೆ ಓವರ್‌ಕ್ಲಾಕ್ ಮಾಡಿದರೆ (ಕಂಪನಿ ನಿಗದಿಮಾಡಿದ ಮಿತಿ ಮೀರಿ ಓಡಿಸಿದರೆ) ವೇಗ ಎಷ್ಟು ಏರುತ್ತದೆ ಎಂಬುದು. ಎಂಟು ಕೋರ್ (ಲೆಕ್ಕ ಮಾಡುವ ಘಟಕ), ಹದಿನಾರು ಥ್ರೆಡ್ (ಏಕಕಾಲಕ್ಕೆ ನಡೆಸಬಲ್ಲ ಕೆಲಸ), 4.5 ಗಿಗಾಹರ್ಟ್ಸ್ ಮೂಲ ವೇಗ, 5.4 ಗಿಗಾಹರ್ಟ್ಸ್ ಬೂಸ್ಟ್, 105 ವಾಟ್ ಟಿಡಿಪಿ (ತಣಿಸಬೇಕಾದ ಶಾಖದ ಅಂದಾಜು) ಎಂಬುದು ಕಂಪನಿಯ ಲೆಕ್ಕ. ಮುಂಬಯಿ ಪಕ್ಕದ ಡೊಂಬಿವಲಿಯ ನಮ್ಮ ಮನೆಯಲ್ಲಿ ಇದಕ್ಕೆ ವಹಿಸಿರುವ ಮುಖ್ಯ ಕೆಲಸ ಯಕ್ಷಗಾನದ ವಿಡಿಯೊ ಎನ್‌ಕೋಡಿಂಗ್. ಮಳೆಗಾಲದಲ್ಲಿ ಊರಿನ ಮೇಳಗಳ ಕಲಾವಿದರು ಮುಂಬಯಿಗೆ ಬಂದು ಇಲ್ಲಿಯ ಸಭಾಗೃಹಗಳಲ್ಲಿ ಆಟವಾಡಿದಾಗ ಚಿತ್ರೀಕರಿಸಿದ ಗಂಟೆಗಟ್ಟಲೆ ಉದ್ದದ ಫೈಲುಗಳನ್ನು ಎಕ್ಸ್265 ಎಂಬ ತಂತ್ರಾಂಶದ ಮೂಲಕ ಕಿರಿದಾಗಿಸುವಾಗ ಎಂಟೂ ಕೋರ್‌ಗಳು ಇಡೀ ರಾತ್ರಿ ದುಡಿಯಬೇಕಾಗುತ್ತದೆ. ಆ ಬಳಕೆಯಿಂದ ನನಗೆ ದೃಢವಾದ ಅಭಿಪ್ರಾಯ ಇಷ್ಟು: ಈ ಪ್ರೊಸೆಸರ್‌ಗೆ ವೋಲ್ಟೇಜ್ ಏರಿಸಿ ಪಡೆಯುವಂಥದ್ದು ಏನೂ ಉಳಿದಿಲ್ಲ, ಇಳಿಸಿ ಪಡೆಯಬಹುದಾದದ್ದು ಸಾಕಷ್ಟಿದೆ.

ಹಿಂದಿನ ಕಾಲದ ಪ್ರೊಸೆಸರ್‌ಗಳಲ್ಲಿ ಕಾರ್ಖಾನೆಯವರು ಒಂದಿಷ್ಟು ವೇಗವನ್ನು ಕೈಯಲ್ಲೇ ಉಳಿಸಿಕೊಂಡು ಮಾರುತ್ತಿದ್ದರು. ವೇಗ ನಿರ್ಧರಿಸುವ ಮಲ್ಟಿಪ್ಲೈಯರ್ ಹೆಚ್ಚಿಸಿ, ವೋಲ್ಟೇಜ್ ತುಸು ಏರಿಸಿದರೆ ಆ ಉಳಿಕೆ ಕೊಂಡವನದಾಗುತ್ತಿತ್ತು. 7700ಎಕ್ಸ್ ಹಾಗಲ್ಲ. ಉಷ್ಣಾಂಶ 95 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ, ಅಥವಾ ಪ್ರೊಸೆಸರ್ ಕೂರುವ ಸಾಕೆಟ್‌ಗೆ ಹರಿಯುವ ವಿದ್ಯುತ್ತು 142 ವಾಟ್ ತಲಪುವವರೆಗೆ, ಅಥವಾ ಕರೆಂಟಿನ ಮಿತಿ ಬರುವವರೆಗೆ ಅದು ತಾನಾಗಿಯೇ ವೇಗ ಏರಿಸಿಕೊಳ್ಳುತ್ತ ಹೋಗುತ್ತದೆ. ಹೀಗೆ ಒಮ್ಮೆ ಹಿಂಡಿದ ಕಬ್ಬನ್ನು ಮತ್ತೆ ಗಾಣಕ್ಕೆ ಕೊಟ್ಟರೆ ಎಷ್ಟು ಹಾಲು ಬಂದೀತು?

ಮೂರು ಮಿತಿಗಳಲ್ಲಿ ನಮ್ಮೂರಿನಲ್ಲಿ ಮೊದಲು ಎದುರಾಗುವುದು ಉಷ್ಣಾಂಶದ್ದು. ಎಂಟು ಕೋರ್‌ಗಳಿರುವ ಸಿಲಿಕಾನ್ ತುಣುಕು ಸುಮಾರು 70 ಚದರ ಮಿಲಿಮೀಟರ್‌ನಷ್ಟು ಮಾತ್ರ. ಅಷ್ಟು ಚಿಕ್ಕ ಜಾಗದಿಂದ ನೂರಕ್ಕೂ ಹೆಚ್ಚು ವಾಟ್ ಶಾಖ ಹೊರಬರಬೇಕು. ಅದರ ಮೇಲೆ, ಪ್ರೊಸೆಸರ್ ತಣಿಸುವ ಹಳೆಯ ಎಎಂ4 ಸಾಕೆಟ್ಟಿನ ಕೂಲರ್‌ಗಳು ಹೊಸ ಎಎಂ5 ಸಾಕೆಟ್ಟಿಗೂ ಒಗ್ಗಲೆಂದು ಎಎಂಡಿ ಲೋಹದ ಮುಚ್ಚಳವನ್ನು ದಪ್ಪಗೆ ಮಾಡಿದೆ, ಅದೂ ಶಾಖಕ್ಕೆ ಅಡ್ಡಿಯೇ. (ಆ ಮುಚ್ಚಳದ ಅಂಚಿನಲ್ಲಿ ಕೆಪಾಸಿಟರ್‌ಗಳಿಗಾಗಿ ಬಿಟ್ಟ ಕಂಡಿಗಳಿವೆ. ಥರ್ಮಲ್ ಪೇಸ್ಟ್ ಧಾರಾಳವಾಗಿ ಹಚ್ಚಿದರೆ ಕೂಲರ್ ಬಿಗಿಯುತ್ತಿದ್ದಂತೆ ಅದು ಕಂಡಿಗಳೊಳಗೆ ಇಳಿದು ಕೂರುತ್ತದೆ. ಪೇಸ್ಟ್ ವಿದ್ಯುತ್ ವಾಹಕವಲ್ಲದಿದ್ದರೆ ಅಪಾಯವಿಲ್ಲ, ಆದರೆ ಒರೆಸುವುದು ಮಹಾ ರಗಳೆ.) ಇನ್ನು ಕೋಣೆಯ ಗಾಳಿ. ಹೊರದೇಶದ ವಿಮರ್ಶಕರು ಇಪ್ಪತ್ತು ಚಿಲ್ಲರೆ ಡಿಗ್ರಿಯ ಕೋಣೆಯಲ್ಲಿ ಅಳೆಯುತ್ತಾರೆ. ಎಸಿ ಇಲ್ಲದ ಡೊಂಬಿವಲಿಯ ಕೋಣೆಯಲ್ಲಿ ಮೇ ತಿಂಗಳ ಮಧ್ಯಾಹ್ನ 34 ಡಿಗ್ರಿ ದೊಡ್ಡ ಮಾತಲ್ಲ. ಪ್ರೊಸೆಸರ್ ಮೇಲೆ ಕೂರಿಸಿದ ಏರ್ ಕೂಲರ್ ಎಷ್ಟೇ ದೊಡ್ಡದಿರಲಿ, ಕೋಣೆ ಒಂದು ಡಿಗ್ರಿ ಬಿಸಿಯಾದರೆ ಪ್ರೊಸೆಸರ್ ಕೂಡ ಹೆಚ್ಚುಕಡಿಮೆ ಒಂದು ಡಿಗ್ರಿ ಬಿಸಿಯಾಗುತ್ತದೆ. 95ರ ಗೆರೆ ಮುಟ್ಟಿದ ಬಳಿಕ ಉಷ್ಣಾಂಶ ಏರದೆ ವೇಗ ಇಳಿಯುವುದರಿಂದ, ಎನ್‌ಕೋಡಿಂಗ್ ನಡೆಯುವಾಗ ಉಷ್ಣಾಂಶ, ವೇಗ ತೋರಿಸುವ ಎಚ್‌ಡಬ್ಲ್ಯುಇನ್ಫೋ ತಂತ್ರಾಂಶ ತೆರೆದರೆ 95 ಎಂಬ ಅಂಕಿ ಅಲುಗದೆ ನಿಂತಿರುತ್ತದೆ, ಗಿಗಾಹರ್ಟ್ಸ್ ಮಾತ್ರ ಓಲಾಡುತ್ತಿರುತ್ತದೆ. 95 ಎಂದರೆ ಸುಟ್ಟುಹೋಗುವ ಲಕ್ಷಣವಲ್ಲ, ಎಎಂಡಿ ಉದ್ದೇಶಪೂರ್ವಕವಾಗಿಯೇ ನಿಗದಿಮಾಡಿದ ಮಿತಿ ಅದು. ಆದರೂ ಪೇಟೆಯಲ್ಲಿ ಅದನ್ನು ಕಂಡು ಗಾಬರಿಯಾಗಿ ಕೂಲರ್ ಬದಲಿಸುವವರು ಇದ್ದೇ ಇದ್ದಾರೆ.

ಇಂತಹ ಸ್ಥಿತಿಯಲ್ಲಿ ವೋಲ್ಟೇಜ್ ಏರಿಸಿದರೆ ಏನಾಗುತ್ತದೆ ಎಂಬುದನ್ನು ಕಾಗದದ ಮೇಲೆಯೇ ಲೆಕ್ಕ ಹಾಕಬಹುದು. ಪ್ರೊಸೆಸರ್ ಉಣ್ಣುವ ವಿದ್ಯುತ್ತು ವೇಗಕ್ಕೆ ನೇರ ಅನುಪಾತದಲ್ಲಿ, ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿ ಹೆಚ್ಚುತ್ತದೆ. ವೋಲ್ಟೇಜ್ ಶೇ. 10ರಷ್ಟು, ವೇಗ ಶೇ. 4ರಷ್ಟು ಏರಿತೆನ್ನಿ, ಶಾಖ ಕಾಲು ಭಾಗ ಹೆಚ್ಚಾಯಿತು. ನಾನು ವಿಚಾರಿಸಿದ ಒಂದು ಅಂಗಡಿಯಲ್ಲಿ ‘ಓಸಿ (ಓವರ್‌ಕ್ಲಾಕ್) ಮಾಡಿಯೇ ಕೊಡುತ್ತೇವೆ’ ಎಂದು ಪ್ರತ್ಯೇಕ ಹಣ ಹೇಳಿದರು. ಏನು ಮಾಡುತ್ತೀರಿ ಎಂದು ಕೇಳಿದ್ದಕ್ಕೆ ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್ ತಂತ್ರಾಂಶವಾದ ಬಯಾಸ್‌ನಲ್ಲಿ ಎಲ್ಲ ಕೋರ್‌ಗಳಿಗೂ 5.2 ಗಿಗಾಹರ್ಟ್ಸ್ ಎಂದು ಕಟ್ಟಿ, ಒಂದು ವೋಲ್ಟೇಜ್ ನಮೂದಿಸುತ್ತೇವೆ ಎಂಬ ಉತ್ತರ ಬಂತು. ಹಾಗೆ ಕಟ್ಟಿಹಾಕಿದ ಕ್ಷಣದಿಂದ ಒಂದೆರಡು ಕೋರ್‌ಗಳ ಹಗುರ ಕೆಲಸಕ್ಕೆ ಸಿಗುತ್ತಿದ್ದ 5.4 ಗಿಗಾಹರ್ಟ್ಸ್ ಕೈತಪ್ಪುತ್ತದೆ. ಬ್ರೌಸರ್, ನುಡಿ, ಫೋಟೊಶಾಪ್ ಮುಂತಾಗಿ ದಿನವಿಡೀ ಬಳಸುವ ತಂತ್ರಾಂಶಗಳಿಗೆ ಬೇಕಾದದ್ದೇ ಅದು. ಹಣ ಕೊಟ್ಟು ವೇಗ ಕಳೆದುಕೊಳ್ಳುವ ಈ ಸೇವೆಯನ್ನು ಯಾರೂ ಪಡೆಯಬಾರದೆಂದೇ ನನ್ನ ಸಲಹೆ.

ಫಲ ಕೊಡುವ ದಾರಿ ಬೇರೆಯಿದೆ. ಬಯಾಸ್‌ನಲ್ಲಿರುವ ಪ್ರಿಸಿಷನ್ ಬೂಸ್ಟ್ ಓವರ್‌ಡ್ರೈವ್, ಅಂದರೆ ಪಿಬಿಒ ಮೆನುವಿನೊಳಗಿನ ಕರ್ವ್ ಆಪ್ಟಿಮೈಝರ್‌ನಲ್ಲಿ ಪ್ರತಿ ಕೋರ್‌ಗೂ ನೆಗೆಟಿವ್ ಅಂಕಿ ಕೊಡಬಹುದು. ಒಂದೊಂದು ಹೆಜ್ಜೆಗೆ ಸುಮಾರು 3ರಿಂದ 5 ಮಿಲಿವೋಲ್ಟ್ ಇಳಿಯುತ್ತದೆ. ವೋಲ್ಟೇಜ್ ಇಳಿದರೆ ಶಾಖ ಇಳಿಯಿತು, ಶಾಖ ಇಳಿದಷ್ಟು ಜಾಗದಲ್ಲಿ ಪ್ರೊಸೆಸರ್ ತಾನೇ ವೇಗ ಏರಿಸಿಕೊಂಡಿತು. ಉಷ್ಣಾಂಶವೇ ಮೊದಲ ಅಡ್ಡಿಯಾಗಿರುವ ಮುಂಬಯಿಯಲ್ಲಿ ಈ ಲಾಭ ತಂಪು ಊರಿನವರಿಗಿಂತ ನಮಗೇ ಹೆಚ್ಚು ಕಾಣುತ್ತದೆ. ಆದರೆ ಎಲ್ಲ ಕೋರ್‌ಗಳಿಗೂ ಮೈನಸ್ 30 ಹಾಕಿ, ಹತ್ತು ನಿಮಿಷ ಸಿನೆಬೆಂಚ್ ಎಂಬ ಪರೀಕ್ಷಾ ತಂತ್ರಾಂಶ ಓಡಿಸಿ, ಕೆಲಸ ಮುಗಿಯಿತೆಂದು ಎದ್ದುಬಿಡುವುದು ಈಗಿನ ರೂಢಿ. ಈ ಪರೀಕ್ಷೆಗೆ ಅರ್ಥವಿಲ್ಲ. ಪೂರ್ಣ ಹೊರೆಯಲ್ಲಿ ವೇಗ ಕೆಳಗಿರುವುದರಿಂದ ಕಡಿಮೆ ವೋಲ್ಟೇಜನ್ನು ಕೋರ್ ಸಹಿಸಿಕೊಳ್ಳುತ್ತದೆ. ಸೋಲುವುದು ಒಂದೇ ಕೋರ್ ಗರಿಷ್ಠ ವೇಗಕ್ಕೆ ಜಿಗಿದಾಗ, ಅಥವಾ ಏನೂ ಕೆಲಸವಿಲ್ಲದೆ ಕುಳಿತಿದ್ದಾಗ. ಆದ್ದರಿಂದಲೇ ಅಸ್ಥಿರತೆ ತಲೆದೋರುವುದು ಆಟದ ನಡುವೆಯಲ್ಲ, ಯಾವುದೋ ಪಿಡಿಎಫ್ ತೆರೆದು ಓದುತ್ತಿರುವಾಗ ಪರದೆ ಫಕ್ಕನೆ ಕಪ್ಪಾಗಿ ಕಂಪ್ಯೂಟರ್ ಮರುಚಾಲನೆಯಾದಾಗ.

ಇದಕ್ಕೆ ಕೋರ್‌ಸೈಕ್ಲರ್ ಎಂಬ ಉಚಿತ ಸ್ಕ್ರಿಪ್ಟ್ ಸೂಕ್ತ. ಅದು ಕಠಿಣ ಲೆಕ್ಕ ಮಾಡಿಸುವ ಪ್ರೈಮ್95 ತಂತ್ರಾಂಶವನ್ನು ಒಂದು ಸಲಕ್ಕೆ ಒಂದೇ ಕೋರ್‌ನ ಮೇಲೆ ಓಡಿಸಿ, ಯಾವ ಕೋರ್ ತಪ್ಪು ಉತ್ತರ ಕೊಟ್ಟಿತೆಂದು ಬರೆದಿಡುತ್ತದೆ. ಜೊತೆಗೆ ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದು ಹಾರ್ಡ್‌ವೇರ್ ದೋಷಗಳನ್ನು ಬರೆದಿಡುವ ಡಬ್ಲ್ಯುಎಚ್‌ಇಎ ಲಾಗರ್‌ನ 18 ಅಥವಾ 19ನೆಯ ಸಂಖ್ಯೆಯ ದಾಖಲೆ ಇದೆಯೇ ಎಂದು ನೋಡಬೇಕು. ನನ್ನ ಚಿಪ್‌ನಲ್ಲಿ ಎಂಟೂ ಕೋರ್‌ಗಳ ಸಹನೆ ಒಂದೇ ಆಗಿಲ್ಲ: ವಿಂಡೋಸ್ ಮೊದಲು ಆರಿಸಿಕೊಳ್ಳುವ ಅತಿವೇಗದ ಎರಡು ಕೋರ್‌ಗಳೇ ಬೇಗ ಮುನಿಯುತ್ತವೆ, ಮಂದ ಕೋರ್‌ಗಳು ಮೈನಸ್ 30ಕ್ಕೂ ಜಗ್ಗುವುದಿಲ್ಲ. ವೇಗದ ಕೋರ್‌ಗಳನ್ನು ಕಾರ್ಖಾನೆಯೇ ಅಂಚಿಗೆ ತಂದು ನಿಲ್ಲಿಸಿರುವುದರಿಂದ ಇದು ಸಹಜ. ಪ್ರತಿ ಕೋರ್‌ಗೂ ಬೇರೆ ಬೇರೆ ಅಂಕಿ ಕೊಟ್ಟು ಕುಳ್ಳಿರಿಸುವುದಕ್ಕೆ ತಾಳ್ಮೆ ಬೇಕು; ನಸುಕಿನ ಹೊತ್ತಿಗೆ, ಪ್ರಸಂಗ ಮಂಗಳಕ್ಕೆ ಬಂದಿರುವಾಗ ಎನ್‌ಕೋಡಿಂಗ್ ಕಡಿದುಹೋಗುವುದಕ್ಕಿಂತ ಅದು ಲೇಸು.

ಇಷ್ಟು ತಾಳ್ಮೆ ಇಲ್ಲದವರಿಗೆ ಇಕೋ ಮೋಡ್ ಇದೆ. ಟಿಡಿಪಿ 65 ವಾಟ್ ಎಂದು ಆಯ್ದುಕೊಂಡರೆ ಸಾಕೆಟ್ಟಿನ ಮಿತಿ 142ರಿಂದ 88 ವಾಟಿಗೆ ಇಳಿಯುತ್ತದೆ, ಎನ್‌ಕೋಡಿಂಗ್ ವೇಗದಲ್ಲಿ ಕಳೆಯುವುದು ಹತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ. ರಾತ್ರಿ ಓಡುವ ಯಂತ್ರದ ಫ್ಯಾನು ಮೆತ್ತಗಾಗುವುದು, ವಿದ್ಯುತ್ ಕಂಪನಿ ಮಹಾವಿತರಣದ ಬಿಲ್ಲು 300 ಯೂನಿಟ್ ದಾಟಿ ಮುಂದಿನ ದರಕ್ಕೆ ಹಾರದಿರುವುದು ಎರಡೂ ಲಾಭವೇ. ಈ ಪ್ರೊಸೆಸರ್‌ನ ಅತ್ಯುತ್ತಮ ಗುಣ ಇದೇ ಎನ್ನಲು ನನಗೆ ಸಂಕೋಚವಿಲ್ಲ.

ಮೆಮೊರಿಯ ವೇಗವನ್ನು ಎಕ್ಸ್‌ಪೋ (ಬಯಾಸ್‌ನಲ್ಲಿ ಆರಿಸುವ ಸಿದ್ಧ ಮೆಮೊರಿ ಸೆಟ್ಟಿಂಗ್) ಮೂಲಕ ಸೆಕೆಂಡಿಗೆ 6000 ಮೆಗಾಟ್ರಾನ್ಸ್‌ಫರ್‌ಗೆ ಏರಿಸುವುದು ಈ ಪೀಳಿಗೆಗೆ ಹಿತವಾದ ಹದ. 2023ರಲ್ಲಿ ಇದೇ ಸಾಕೆಟ್ಟಿನ ಕೆಲವು ಪ್ರೊಸೆಸರ್‌ಗಳು, ವಿಶೇಷವಾಗಿ 3ಡಿ ಕ್ಯಾಶ್ (ಚಿಪ್‌ನಲ್ಲಿ ಪೇರಿಸಿದ ಹೆಚ್ಚುವರಿ ಮೆಮೊರಿ) ಉಳ್ಳವು, ಸುಟ್ಟ ಬಳಿಕ ಎಎಂಡಿ ಎಸ್‌ಒಸಿ ವೋಲ್ಟೇಜಿಗೆ (ಮೆಮೊರಿ ನಿಯಂತ್ರಕ ಮುಂತಾದ ಭಾಗಗಳಿಗೆ ಹೋಗುವಂಥದ್ದು) 1.3 ವೋಲ್ಟ್‌ನ ಮಿತಿ ಹಾಕಿತು. ಆ ಮಿತಿಯಿರುವ ಬಯಾಸ್ ಹಾಕಿಕೊಳ್ಳದೆ ಎಕ್ಸ್‌ಪೋ ಮುಟ್ಟಬಾರದು. ಮೆಮೊರಿ ಬದಲಿಸಿದ ನಂತರದ ಮೊದಲ ಬೂಟ್‌ನಲ್ಲಿ ಅದರ ತರಬೇತಿಗೆ (ಹೊಂದಾಣಿಕೆಗೆ) ಕೆಲವು ನಿಮಿಷ ಹಿಡಿಯಬಹುದು, ಅಷ್ಟು ಹೊತ್ತು ಪರದೆ ಕಪ್ಪಾಗಿಯೇ ಇರುತ್ತದೆ. ಬೋರ್ಡ್ ಸತ್ತಿತೆಂದು ಸ್ವಿಚ್ ತೆಗೆಯದೆ ಕಾಯಬೇಕು. ಗಾಳಿಗಿಂತ ತಂಪಾಗಿಸುವ ಚಿಲ್ಲರ್ ಪ್ರಯೋಗಗಳನ್ನಂತೂ ಇಲ್ಲಿ ಮಾಡಲೇಬಾರದು: ಜುಲೈಯಲ್ಲಿ ಮುಂಬಯಿಯ ಗಾಳಿಯ ಇಬ್ಬನಿ ಬಿಂದು ಸುಮಾರು 25 ಡಿಗ್ರಿ, ಅದಕ್ಕಿಂತ ತಣ್ಣಗಾದ ಯಾವ ಲೋಹದ ಮೇಲೂ ನೀರು ಕೂರುತ್ತದೆ.

ಕೊಳ್ಳುವ ವಿಚಾರ. ಪಿಬಿಒ, ಎಕ್ಸ್‌ಪೋ ಎರಡನ್ನೂ ಎಎಂಡಿ ಓವರ್‌ಕ್ಲಾಕಿಂಗ್ ಎಂದೇ ಪರಿಗಣಿಸುತ್ತದೆ, ಅವುಗಳಿಂದಾದ ಹಾನಿ ವಾರಂಟಿಯಲ್ಲಿ ಬರುವುದಿಲ್ಲ; ಇಕೋ ಮೋಡ್‌ಗೆ ಆ ತಕರಾರಿಲ್ಲ. ಎ620 ಚಿಪ್‌ಸೆಟ್ಟಿನ ಅಗ್ಗದ ಬೋರ್ಡ್‌ಗಳಲ್ಲಿ ಪ್ರೊಸೆಸರ್ ಓವರ್‌ಕ್ಲಾಕಿಂಗ್‌ಗೆ ಅವಕಾಶವಿಲ್ಲದಿರುವುದರಿಂದ ಬಿ650 ತೆಗೆದುಕೊಳ್ಳಬೇಕು. ಇನ್ನು, 2023ರ ಜನವರಿಯಲ್ಲಿ ಬಂದ 65 ವಾಟಿನ 7700, ಅದೇ ಎಂಟು ಕೋರ್, 5.3 ಗಿಗಾಹರ್ಟ್ಸ್ ಬೂಸ್ಟ್, ಪೆಟ್ಟಿಗೆಯಲ್ಲೇ ರೇತ್ ಪ್ರಿಸಮ್ ಕೂಲರ್ ಸಮೇತ ಸಿಗುತ್ತದೆ. ಎಕ್ಸ್ ಮಾದರಿಯ ಜೊತೆ ಕೂಲರ್ ಬರುವುದಿಲ್ಲ. 7700 ಕೂಡ ಓವರ್‌ಕ್ಲಾಕಿಂಗ್‌ಗೆ ಬೀಗವಿಲ್ಲದ ಪ್ರೊಸೆಸರ್, ಅದರಲ್ಲಿ ಪಿಬಿಒ ಚಾಲೂ ಮಾಡಿದರೆ 7700ಎಕ್ಸ್‌ನ ಹೆಗಲಿಗೆ ಹೆಗಲು ಕೊಡುತ್ತದೆ. 7700ರ ಬೆಲೆ ಎಕ್ಸ್‌ಗಿಂತ ಕೂಲರಿನಷ್ಟು ಮಾತ್ರ ಕಡಿಮೆಯೆಂದು ಅಂಗಡಿಯವನು ಹೇಳಿದರೂ 7700 ಕೊಡಿ ಎಂದೇ ಹೇಳಿ, ಉಳಿದ ಹಣವನ್ನು ಬೋರ್ಡಿಗೆ ಸೇರಿಸಿ.