ಎಂ.ಜಿ. ರೋಡಿನಲ್ಲಿ ಎರಡು ಭಾನುವಾರ, ಒಂದು 70 ರೂಪಾಯಿ

ನನ್ನ ಪರ್ಸಿನಲ್ಲಿ ಒಂದು ಹಳದಿ ಕಾರ್ಡ್ ಕೂತಿದೆ. ಅದರಲ್ಲಿ 70 ರೂಪಾಯಿ ಇದೆ. ಹೊರಗೆಲ್ಲೂ ಅದು ನಡೆಯುವುದಿಲ್ಲ. ಕಾರ್ಡ್ ಕೊಟ್ಟ ಗೇಮ್ ಝೋನಿನಲ್ಲೂ ನಡೆಯುವುದಿಲ್ಲ, ಯಾಕೆಂದರೆ ಅಲ್ಲಿ 80 ರೂಪಾಯಿಗಿಂತ ಕಡಿಮೆಯ ಆಟವೇ ಇಲ್ಲ. ಹಾಗಾಗಿ ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರಿನ ಎಂ.ಜಿ. ರೋಡ್ ಕಡೆ ಹೊರಟವರಿಗೆ ಮೊದಲೇ ಹೇಳಿಬಿಡುತ್ತೇನೆ: ಸೀದಾ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿಗೆ ಹೋಗಿ.

ಬೇಸಿಗೆ ರಜಕ್ಕೆ ದಾವಣಗೆರೆಯಿಂದ ಅಕ್ಕ, ಭಾವ, ಮಕ್ಕಳು ಬಂದಿದ್ದರು. ಅಳಿಯನಿಗೆ ಹನ್ನೊಂದು, ಸೊಸೆಗೆ ಆರು. ಸಿಕ್ಕಿದ್ದು ಎರಡು ಭಾನುವಾರ. ಮೊದಲನೆಯದರಲ್ಲಿ ಮಕ್ಕಳ ಓಟು ಗೆದ್ದಿತು, ಅಲ್ಲೇ ಹತ್ತಿರದ ಮಾಲೊಂದರ ಮೇಲಿನ ಅಂತಸ್ತಿನ ಗೇಮ್ ಝೋನಿಗೆ ಹೋದೆವು. ಹೆಸರು ಬೇಡ ಬಿಡಿ.

ಬಾಗಿಲಲ್ಲೇ ಶುರು. ಒಳಗೆ ಜಾರುಬಂಡೆ, ಬಲೆ ಇರುವ ಕಡೆ ಮಕ್ಕಳು ಗೇಮ್ ಝೋನಿನವರು ಮಾರುವ ಸಾಕ್ಸನ್ನೇ ಹಾಕಬೇಕಂತೆ, ಜೋಡಿಗೆ 60 ರೂಪಾಯಿ. ಭಾವನಿಗೆ ಅರ್ಥವೇ ಆಗಲಿಲ್ಲ. "ಸಾಕ್ಸ್ ಹಾಕ್ಕೊಂಡೇ ಬಂದಾವಲ್ರೀ ಹುಡುಗ್ರು!" ಅಂದರು. ಕೌಂಟರಿನ ಹುಡುಗ ನಕ್ಕು, "ಸಾಕ್ಸ್ ಮೇಲೇ ಹಾಕ್ಕೊಳ್ಳಿ ಸರ್" ಅಂದ. ಹೋಗಲಿ ಎಂದು ಕೊಟ್ಟೆವು.

ಆಮೇಲೆ ಬಂತು ಕಾರ್ಡು. ನಗದು ಇಲ್ಲ, ಯುಪಿಐ ನೇರವಾಗಿ ಇಲ್ಲ. 50 ರೂಪಾಯಿ ಕೊಟ್ಟು ಕಾರ್ಡ್ ಕೊಳ್ಳಬೇಕು, ಅದಕ್ಕೆ ಕಡಿಮೆಯೆಂದರೂ 500 ತುಂಬಿಸಬೇಕು. ಒಂದೇ ಕಾರ್ಡ್ ಸಾಕು ಅಂದುಕೊಂಡೆ. ಆದರೆ ದೊಡ್ಡವನು ಕಾರ್ ರೇಸಿನ ಕಡೆ, ಚಿಕ್ಕವಳು ಡ್ಯಾಶಿಂಗ್ ಕಾರಿನ ಕಡೆ ಎಳೆದರೆ ಒಂದು ಕಾರ್ಡ್ ಎಲ್ಲಿ ಸಾಲುತ್ತದೆ? ಎರಡು ತೆಗೆಸಿದೆ. ಆಟಗಳ ರೇಟು 80, 110, 130. ಈ ಅಂಕಿಗಳನ್ನು ಕೂತು ಲೆಕ್ಕ ಹಾಕಿಯೇ ಇಟ್ಟಿದ್ದಾರೆ ಎನ್ನುವುದು ನನ್ನ ಗುಮಾನಿ. ಹೆಚ್ಚುಕಡಿಮೆ ಏನೇ ಆಡಿದರೂ ಕೊನೆಗೆ ಚೂರು ಉಳಿಯುತ್ತದೆ. ಇನ್ನೊಂದೊಂದು ಆಟ ಎಂದು ಇಬ್ಬರೂ ಗೋಗರೆದಾಗ ಇನ್ನೂ ಇನ್ನೂರಿನ್ನೂರು ಹಾಕಿಸಿದೆ. ಕೊನೆಗೆ ಒಂದರಲ್ಲಿ 70, ಇನ್ನೊಂದರಲ್ಲಿ 50. ಎರಡೂ ಸೇರಿದರೆ 120, ಒಂದು ಆಟ ಆಗುತ್ತಿತ್ತು. ಒಂದು ಕಾರ್ಡಿನದನ್ನು ಇನ್ನೊಂದಕ್ಕೆ ಹಾಕಿಕೊಡಪ್ಪಾ ಅಂದೆ. "ಸಿಸ್ಟಮ್ ಬಿಡಲ್ಲ ಸರ್" ಅಂದ. ವಾಪಸ್ ಕೊಡು ಅಂದೆ. ಅದನ್ನೂ ಸಿಸ್ಟಮ್ ಬಿಡುವುದಿಲ್ಲ. "ಇನ್ನೊಂದಿನ್ನೂರು ಹಾಕ್ಸಿ ಸರ್, ಇದೂ ಸೇರುತ್ತೆ."

ಎಲ್ಲಾ ಸೇರಿ 1,620 ರೂಪಾಯಿ, ಒಂದೂವರೆ ಗಂಟೆ. ಆಟದಲ್ಲಿ ಗೆದ್ದ ಚೀಟಿಗಳನ್ನು ಬಹುಮಾನದ ಕೌಂಟರಿನಲ್ಲಿ ಎಣಿಸಿದರೆ 340 ಇದ್ದವು. ಸಿಕ್ಕಿದ್ದು ಕಲ್ಲಂಗಡಿ ಹಣ್ಣಿನಾಕಾರದ ಒಂದು ರಬ್ಬರು. ಅದಕ್ಕೂ ಅಣ್ಣ ತಂಗಿ ಮೆಟ್ರೊದಲ್ಲಿ ಕಿತ್ತಾಡಿದರು.

ಸುಳ್ಳು ಹೇಳಬಾರದು, ಏಸಿ ಚೆನ್ನಾಗಿತ್ತು.

ಎರಡನೇ ಭಾನುವಾರ ನನ್ನ ಸರದಿ. ಎಂ.ಜಿ. ರೋಡ್ ಮೆಟ್ರೊ ನಿಲ್ದಾಣದಲ್ಲಿ ಇಳಿದು ಅನಿಲ್ ಕುಂಬ್ಳೆ ಸರ್ಕಲ್ ದಾಟಿ ಕಸ್ತೂರಬಾ ರಸ್ತೆಗೆ ನಡೆದೇ ಹೋದೆವು. ಮಕ್ಕಳ ಕಾಲಿಗೆ ಸ್ವಲ್ಪ ದೂರವೇ, ಆದರೆ ಮ್ಯೂಸಿಯಮ್ಮಿನ ಅಂಗಳದಲ್ಲಿ ನಿಂತ ಹಳೇ ಉಗಿಬಂಡಿ, ಬೆಂಗಳೂರಿನ ಎಚ್‌ಎಎಲ್‌ನಲ್ಲೇ ತಯಾರಾದ ಮರುತ್ ಯುದ್ಧವಿಮಾನ ಕಂಡ ಮೇಲೆ ಕಾಲುನೋವಿನ ಸುದ್ದಿಯೇ ಇಲ್ಲ. 1962ರಲ್ಲಿ ನೆಹರು ಉದ್ಘಾಟಿಸಿದ ಕಟ್ಟಡ ಇದು. ನಾನು ಮೊದಲು ನೋಡಿದ್ದು ಶಾಲಾ ಪ್ರವಾಸದಲ್ಲಿ, ಚಿತ್ರಾನ್ನದ ಡಬ್ಬಿಯ ಸಮೇತ. ಐದು ಜನರ ಟಿಕೆಟ್ಟಿಗೆ ಗೇಮ್ ಝೋನಿನ ಅರ್ಧ ದುಡ್ಡೂ ಆಗಲಿಲ್ಲ.

ಚಿಕ್ಕವಳು ತಲೆಯಾಡಿಸಿ ಗುರುಗುಟ್ಟುವ ಡೈನೋಸಾರ್ ಮುಂದೆ ಅಪ್ಪನ ಪ್ಯಾಂಟ್ ಹಿಡಿದು ನಿಂತಳು. ದೊಡ್ಡವನು ರೈಟ್ ಸಹೋದರರ 1903ರ ವಿಮಾನದ ಪೂರ್ಣ ಗಾತ್ರದ ಮಾದರಿಗೆ ಅಂಟಿಕೊಂಡ. ಓಡಿಸುವವನು ಕೆಳರೆಕ್ಕೆಯ ಮೇಲೆ ಬೋರಲು ಮಲಗುತ್ತಿದ್ದ, ಮೊದಲ ಹಾರಾಟ 12 ಸೆಕೆಂಡು, 120 ಅಡಿ ಅಂತ ಹೇಳಿದೆ. ಯೋಚಿಸಿ ಹೇಳಿದ: "ಮಾಮ, ಆ ಗೊಂಬೆ ಎತ್ತೋ ಕೊಕ್ಕೆ ಆಟನೂ ಅಷ್ಟೇ ಹೊತ್ತು ಇತ್ತು."

ಆದರೆ ನನಗೆ ದುಡ್ಡು ವಸೂಲಾಗಿದ್ದು ಎಂಜಿನ್ ಹಾಲ್‌ನಲ್ಲಿ. ಭಾವನಿಗೆ ಪಂಪ್‌ಸೆಟ್ ರಿಪೇರಿ ಅಂಗಡಿಯಿದೆ. ಬೆಂಗಳೂರಿಗೆ ಬಂದರೆ ಸಾಮಾನ್ಯವಾಗಿ ಚೀಲ ಹಿಡಿದು ಅಕ್ಕನ ಹಿಂದೆ ಮೌನವಾಗಿ ನಡೆಯುವವರು. ಅಲ್ಲಿ, ಒಳಗಿನದೆಲ್ಲ ಕಾಣುವಂತೆ ಸೀಳಿಟ್ಟ ಎಂಜಿನ್ನಿನ ಮುಂದೆ ಮಗನನ್ನು ಎಳೆದುಕೊಂಡರು. "ನೋಡಲೇ ಇಲ್ಲಿ, ಇದು ವಾಲ್ವು. ಪಿಸ್ಟನ್ ಕೆಳಗೆ ಹೋದಾಗ ಇದು ತೆಕ್ಕಂತತಿ, ಗಾಳಿ ಒಳಗೆ ಬರ್ತತಿ. ಮನ್ಯಾಗ ದಿನಾ ಬೈಕ್ ಕಿಕ್ ಹೊಡೀತೀಯಲ್ಲ, ಅದ ಇದು." ಪಕ್ಕದಲ್ಲಿದ್ದ ಬೇರೆ ಯಾರದೋ ಎರಡು ಮಕ್ಕಳೂ ಬಂದು ನಿಂತು ಕೇಳತೊಡಗಿದವು. ಅರ್ಧ ಗಂಟೆ ಅಲ್ಲಿಂದ ಕದಲಲಿಲ್ಲ.

ಅಕ್ಕನಿಗೆ ಅಷ್ಟರಲ್ಲಿ ಸಾಕಾಗಿತ್ತು. ಯಂತ್ರ ಕಂಡರಾಗದವರಿಗೆ ಮ್ಯೂಸಿಯಂ ಹೊರಗಿನ ಕಬ್ಬನ್ ಪಾರ್ಕಿನ ಮರದ ನೆರಳೇ ಗತಿ. ಭಾನುವಾರ ಪಾರ್ಕಿನೊಳಗೆ ಗಾಡಿಗಳನ್ನು ಬಿಡುವುದಿಲ್ಲ, ಆರಾಮವಾಗಿ ಕೂರಬಹುದು. ಅಲ್ಲಿನ ಬಾಲಭವನದ ಪುಟಾಣಿ ರೈಲು ಓಡುತ್ತಿದ್ದರೆ ಅದು ಆರು ವರ್ಷದವರಿಗೆ ಹಬ್ಬ, ಹನ್ನೊಂದು ವರ್ಷದವರಿಗೆ ಮರ್ಯಾದೆ ಪ್ರಶ್ನೆ.

ಚರ್ಚ್ ಸ್ಟ್ರೀಟ್? ಮಕ್ಕಳಿಲ್ಲದಿದ್ದರೆ ನನ್ನ ಓಟು ಅದಕ್ಕೇ. ಬ್ಲಾಸಮ್‌ನಲ್ಲಿ ಹಳೇ ಪುಸ್ತಕ ಕೆದಕಿ, ಇಂಡಿಯನ್ ಕಾಫಿ ಹೌಸ್‌ನಲ್ಲಿ ಪೇಟ ತೊಟ್ಟವರು ತಂದುಕೊಡುವ ಕಾಫಿ ಕುಡಿದರೆ ಭಾನುವಾರ ಮುಗಿಯಿತು. ಮಕ್ಕಳ ಜೊತೆ ಮಾತ್ರ ಬೇಡ. ಕಮರ್ಷಿಯಲ್ ಸ್ಟ್ರೀಟ್ ಅಕ್ಕನ ಇಲಾಖೆ, ಚೌಕಾಸಿ ಗೊತ್ತಿಲ್ಲದ ನಾನು ಬಾಯಿ ಹಾಕುವುದಿಲ್ಲ.

ಮಗುವಿಗೆ ಕೈಯಲ್ಲಿ ಏನಾದರೂ ಕೊಡಲೇಬೇಕೆಂದರೆ ಎಂ.ಜಿ. ರೋಡಿನ ಕರಕುಶಲ ಸಾಮಾನಿನ ಅಂಗಡಿ ಕಾವೇರಿ ಎಂಪೋರಿಯಂಗೆ ಹೋಗಿ. ನಾವು ವಾಪಸ್ ಬರುತ್ತಾ ಸೊಸೆಗೆ ಒಂದು ಚನ್ನಪಟ್ಟಣದ ಬುಗುರಿ ಕೊಡಿಸಿದೆವು. 340 ಚೀಟಿ ಎಣಿಸುವ ತಾಪತ್ರಯವಿಲ್ಲ.

ತಿಂಗಳಿಗೊಮ್ಮೆ ಮಾತ್ರ ಹೀಗೆ ಖರ್ಚು ಮಾಡುವ, ಗಾಡಿ ಬಿಟ್ಟು ಮೆಟ್ರೊದಲ್ಲೇ ಓಡಾಡುವ ನನ್ನಂಥವನ ಲೆಕ್ಕ ಇದು. ಹೊರಗೆ ಮಳೆ ಸುರಿಯುತ್ತಿದ್ದು, ಜೇಬು ಗಟ್ಟಿಯಿದ್ದರೆ ನಿಮ್ಮ ಲೆಕ್ಕ ಬೇರೆಯಾಗಬಹುದು.

ಅವತ್ತು ಸಂಜೆ ಮೆಟ್ರೊ ಗೇಟಿನಲ್ಲಿ ಕಾರ್ಡ್ ಒತ್ತಿದೆ, ತೆಗೆಯಲಿಲ್ಲ. ಮತ್ತೆ ಒತ್ತಿದೆ, ಕೆಂಪು ದೀಪ. ಹಿಂದೆ ಕ್ಯೂ ಬೆಳೆಯುತ್ತಿತ್ತು. ಬುಗುರಿ ಹಿಡಿದಿದ್ದ ಸೊಸೆ ನನ್ನ ಕೈ ನೋಡಿ ಎಲ್ಲರಿಗೂ ಕೇಳುವಂತೆ ಕೂಗಿದಳು: "ಮಾಮ, ಅದು ಗೇಮಿನ ಕಾರ್ಡು!"