ಶಾಲೆಯ ರಿಪೇರಿಗೆ ಯಾವ ದುಡ್ಡು: ಅನುದಾನವೋ, ನರೇಗಾವೋ, ದಾನಿಯೋ?

ಸರ್ಕಾರಿ ಶಾಲೆಯ ಸಣ್ಣಪುಟ್ಟ ಖರ್ಚಿಗೆ ಎಸ್‌ಡಿಎಂಸಿ (ಪೋಷಕರಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ನೆಚ್ಚಿಕೊಳ್ಳುವುದು ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನವನ್ನು. ಕೇಂದ್ರ, ರಾಜ್ಯಗಳ ಪಾಲು 60:40. ಮೊತ್ತ ನಿಂತಿರುವುದು ದಾಖಲಾತಿಯ ಮೇಲೆ: 30 ಮಕ್ಕಳವರೆಗೆ 10,000 ರೂ., 31ರಿಂದ 100ರವರೆಗೆ 25,000, 250ರವರೆಗೆ 50,000. 30 ಮಕ್ಕಳಿದ್ದರೆ ತಲಾ 333 ರೂ., 31 ಆದರೆ 806, 100 ಆದರೆ 250! ಎರಡು ಶಾಲೆಗಳ ತಲಾವಾರು ಖರ್ಚನ್ನು ಹೋಲಿಸುವವರು ಮೊದಲು ಈ ಮೆಟ್ಟಿಲು ನೋಡಲಿ. ಶಾಲೆಗಳ ಅಂಕಿಅಂಶ ತುಂಬುವ ಯುಡೈಸ್‌ನಲ್ಲಿ 31ನೇ ಹೆಸರು ಬಿಟ್ಟುಹೋದರೆ 15,000 ಕೈತಪ್ಪಿದಂತೆಯೇ.

ಇದರಲ್ಲಿ ಕನಿಷ್ಠ ಶೇ. 10 ಸ್ವಚ್ಛತೆಗೆ ಮೀಸಲು. ಫಿನಾಯಿಲ್, ಸೀಮೆಸುಣ್ಣ, ಸೋರುವ ನಲ್ಲಿ, ಮುರಿದ ಚಿಲಕಕ್ಕೆ ಇದಕ್ಕಿಂತ ಒಳ್ಳೆಯ ದುಡ್ಡಿಲ್ಲ. ತಕರಾರು ಸಮಯದ್ದು: ಎಷ್ಟೋ ಸಲ ವರ್ಷದ ಕೊನೆಗೆ ಬರುತ್ತದೆ, ಮಾರ್ಚ್ 31ಕ್ಕೆ ಉಳಿದದ್ದು ವಾಪಸ್. ಜನವರಿಯಲ್ಲೇ ಕೊಟೇಶನ್ ತರಿಸಿ, ಅಂಗಡಿಯವರ ಪಾಸ್‌ಬುಕ್ಕಿನ ನಕಲು ಇಟ್ಟುಕೊಳ್ಳಿ. ಬಿಲ್ಲಿನಲ್ಲಿ ಒಂದು ಹೆಸರು, ಖಾತೆಯಲ್ಲಿ ಇನ್ನೊಂದಿದ್ದರೆ ಪಾವತಿ ಅಲ್ಲೇ ಸಿಕ್ಕಿಬೀಳುತ್ತದೆ.

ಕಾಂಪೌಂಡು, ಆಟದ ಮೈದಾನ, ಅಡುಗೆ ಕೋಣೆಯಂಥ ದೊಡ್ಡ ಕೆಲಸ ಈ ದುಡ್ಡಿಗೆ ನಿಲುಕದು. ಅವುಗಳಿಗೆ ಗ್ರಾಮ ಪಂಚಾಯಿತಿ ಬಳಸಿದ್ದು ನರೇಗಾ, ಅಂದರೆ ಗ್ರಾಮೀಣ ಉದ್ಯೋಗ ಖಾತರಿಯ ದುಡ್ಡು. ಅಲ್ಲಿ ಕೂಲಿ, ಸಾಮಗ್ರಿಯ ಅನುಪಾತ 60:40 ಇತ್ತು, ಗುತ್ತಿಗೆದಾರನಿಗೆ ಜಾಗವಿರಲಿಲ್ಲ. ಮೈದಾನ ಸಮತಟ್ಟು ಮಾಡುವುದೆಂದರೆ ಹೆಚ್ಚೂಕಮ್ಮಿ ಕೂಲಿಯೇ, ಸಲೀಸು. ಕಾಂಪೌಂಡಿನಲ್ಲಿ ಸಿಮೆಂಟು, ಕಲ್ಲು, ಕಬ್ಬಿಣದ್ದೇ ಸಿಂಹಪಾಲು. ಕೂಲಿ ಜಮಾ ಆಗಿ ಸಾಮಗ್ರಿ ಬಿಲ್ಲು ತಿಂಗಳುಗಟ್ಟಲೆ ಬಾಕಿ ಉಳಿದರೆ ಗೋಡೆ ಎದ್ದಿರುತ್ತದೆ, ಗೇಟು ಬರುವುದಿಲ್ಲ. ಗೇಟಿಲ್ಲದ ಕಾಂಪೌಂಡಿನೊಳಗೆ ದನಗಳದ್ದೇ ರಾಜ್ಯ. ಗೇಟನ್ನು ಅಂದಾಜುಪಟ್ಟಿಯಲ್ಲೇ ಸೇರಿಸಿದ್ದಾರೋ ಇಲ್ಲವೋ ಎಂದು ಎಂಜಿನಿಯರನ್ನು ಮೊದಲೇ ಕೇಳಬೇಕು. ಕೆಲಸ ಪಂಚಾಯಿತಿಯ ಆ ವರ್ಷದ ಕ್ರಿಯಾಯೋಜನೆಯಲ್ಲಿ ಇಲ್ಲದಿದ್ದರೆ ಆ ವರ್ಷ ಕಾಯುವುದೇ ಗತಿ. ಗ್ರಾಮಸಭೆಗೆ ಎಸ್‌ಡಿಎಂಸಿ ಅಧ್ಯಕ್ಷರು ಅರ್ಜಿ ಹಿಡಿದುಕೊಂಡೇ ಹೋಗಬೇಕು.

ದಾನಿಗಳದ್ದು ಬೇರೆಯೇ ಲೆಕ್ಕ. ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ ದೊಡ್ಡ ಕಂಪನಿಗಳು ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ನ್ನು ಸಿಎಸ್‌ಆರ್‌ಗೆ, ಅಂದರೆ ಸಾಮಾಜಿಕ ಹೊಣೆಗಾರಿಕೆಯ ಕೆಲಸಗಳಿಗೆ, ಹಾಕಬೇಕು. ದುಡ್ಡು ದೊಡ್ಡದು, ಬೇಗವೂ ಬರಬಹುದು. ಆದರೆ ದಾನಿಗೆ ಇಷ್ಟವಾಗುವುದು ಫೋಟೋದಲ್ಲಿ ಕಾಣುವ ಕೆಲಸ: ಗೋಡೆಚಿತ್ರ, ಸ್ಮಾರ್ಟ್ ಟಿವಿ. ಹಂಚು ಸೋರುವ ಕೋಣೆಗೆ ಬಣ್ಣ ಬಳಿದರೆ ಒಂದೇ ಮಳೆಗಾಲಕ್ಕೆ ಸುಣ್ಣ ಉಬ್ಬಿ ಚಿತ್ರವೂ ಉದುರುತ್ತದೆ. ಮೊದಲು ರೀಪು, ಹಂಚು, ಆಮೇಲೆ ಬಣ್ಣ. ಒಪ್ಪದ ದಾನಿಯನ್ನು ನಯವಾಗಿ ಸಾಗಹಾಕುವುದೇ ಮೇಲು. ಟಿವಿ ಕೊಡುವವರ ಹತ್ತಿರ ಸ್ಟೆಬಿಲೈಸರ್, ಕಬ್ಬಿಣದ ಕಪಾಟು, ರಿಪೇರಿ ಹೊಣೆಯನ್ನೂ ಬರೆಸಿಕೊಳ್ಳಿ.

ಪೋಷಕರಿಂದಲೇ ಎತ್ತುವ ದಾರಿಯೂ ಇದೆಯಲ್ಲ ಎನ್ನಬಹುದು. ಸ್ವಇಚ್ಛೆಯಿಂದ ತಿಂಗಳಿಗೆ 100 ರೂ. ಪಡೆಯುವ ಶಿಕ್ಷಣ ಇಲಾಖೆಯ ಸುತ್ತೋಲೆ 2022ರ ಅಕ್ಟೋಬರಿನಲ್ಲಿ ಹೊರಬಿದ್ದು, ಟೀಕೆ ಎದ್ದ ಮೇಲೆ ವಾಪಸಾಯಿತು. ಪೋಷಕರಲ್ಲಿ ಹಣಕ್ಕಿಂತ ಆಳು ಕೇಳುವುದು ಸುಲಭ: ಮೇ ತಿಂಗಳಲ್ಲಿ, ಮಳೆಗೆ ಮುಂಚೆ, ಹಂಚು ಕೈಯಾಡಿಸಲು.